ಒದ್ದೆ ಮರದ ಮೇಲೆ ರಬ್ಬರ್ ಲೇಪ ಬೇಡ

ಟ್ರಕ್ ಕ್ಯಾಂಪರಿನ (ಪಿಕಪ್ ಟ್ರಕ್ಕಿನ ಹಿಂಭಾಗದ ಮೇಲೆ ಕೂರಿಸುವ ವಾಸದ ಕೋಣೆ) ಹಿಂಬದಿಯ ಎಡ ಮೂಲೆಯ ತಳ ಮೆತ್ತಗಾಗಿದೆ, ಈ ವಾರಾಂತ್ಯ ಅದಕ್ಕೆ ರಬ್ಬರ್ ಅಂಡರ್‌ಕೋಟಿಂಗ್ ಸಿಂಪಡಿಸಿ ಸಂದುಗಳಿಗೆ ಸಿಲಿಕೋನ್ ತುಂಬುತ್ತೇನೆ ಎಂದು ನೀವು ಬರೆದಿರುವುದನ್ನು ಓದಿ ಸುಮ್ಮನಿರಲಾಗಲಿಲ್ಲ. ದಯವಿಟ್ಟು ಆ ಡಬ್ಬಿಗಳನ್ನು ಅಂಗಡಿಗೆ ಹಿಂತಿರುಗಿಸಿ. ಇಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ನಾನೂ ಹೀಗೆಯೇ ಮಾಡಿದ್ದೆ. ಲೇಪ ಹೊರಗಿನ ನೀರನ್ನು ತಡೆಯಿತು, ಜೊತೆಗೆ ಒಳಗಿದ್ದ ತೇವ ಆರುವ ದಾರಿಯನ್ನೂ ಮುಚ್ಚಿತು. ಎರಡು ಚಳಿಗಾಲ ಕಳೆದು ಕ್ಯಾಂಪರನ್ನು ಟ್ರಕ್ಕಿನಿಂದ ಇಳಿಸಲೆಂದು ಅದರ ಮೂಲೆಗೆ ಬಿಗಿದ ಜ್ಯಾಕಿನಿಂದ ಎತ್ತಿದಾಗ ಜ್ಯಾಕಿನ ಬ್ರಾಕೆಟ್ ಬೋಲ್ಟುಗಳ ಸಮೇತ ಕಿತ್ತು ಬಂದಿತು. ಮೂಲೆಯ ಒಂದೂವರೆ ಇಂಚಿನ ರೀಪು ಕಾಫಿ ಚರಟದಂತೆ ಅಂಗೈಗೆ ಉದುರಿತು. ಟ್ರಕ್ ಇನ್ನೂ ಅಡಿಯಲ್ಲೇ ಇದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ.

ತಳ ಕೊಳೆತಿದ್ದರೂ ನೀರು ಹೆಚ್ಚಾಗಿ ಮೇಲಿನಿಂದಲೇ ಇಳಿದಿರುತ್ತದೆ. ಚಾವಣಿಯ ಅಂಚುಪಟ್ಟಿ, ಕಿಟಕಿಯ ಚೌಕಟ್ಟು, ಹಿಂದಿನ ಸಣ್ಣ ಕೆಂಪು ದೀಪಗಳು, ಇವನ್ನು ಮೊದಲು ಬಿಚ್ಚಿ ನೋಡಿ, ಹಳೆಯ ಅಂಟನ್ನು ಪೂರ್ತಿ ಕೆರೆದು ಹೊಸ ಬ್ಯೂಟೈಲ್ ಟೇಪ್ (ನೀರು ತಡೆಯುವ ಅಂಟಿನ ರಬ್ಬರ್ ಪಟ್ಟಿ) ಹಾಕಿ. ಸಿಲಿಕೋನನ್ನು ಮಾತ್ರ ಮುಟ್ಟಲೇಬೇಡಿ. ಒಮ್ಮೆ ಬಳಿದ ಜಾಗದಲ್ಲಿ ಮುಂದೆ ಬೇರೆ ಯಾವ ಸೀಲೆಂಟೂ ಸರಿಯಾಗಿ ಹಿಡಿಯುವುದಿಲ್ಲ. ಚಾವಣಿಗೆ ನನ್ನ ನಂಬಿಕೆಯದು ಡೈಕಾರ್ ಕಂಪನಿಯ ಸೀಲೆಂಟ್, ಆದರೆ ಅದರಲ್ಲಿ ತಾನಾಗಿ ಹರಡಿಕೊಳ್ಳುವ ಬಗೆಯದನ್ನು ಲಂಬವಾದ ಗೋಡೆಗೆ ಹಾಕಿದರೆ ಸುರಿದು ಹೋಗುತ್ತದೆ.

ಅನಂತರ ತಳದ ಪ್ಲೈವುಡ್ ಕಳಚಿ, ದಬ್ಬಳದಿಂದ ಚುಚ್ಚುತ್ತಾ ಗಟ್ಟಿ ಮರ ಸಿಗುವವರೆಗೆ ಹೋಗಿ, ಅಲ್ಲಿಂದ ಇನ್ನೂ ಒಂದು ಗೇಣು ಹೆಚ್ಚು ಕತ್ತರಿಸಿ. ತೇವದ ಮೀಟರ್ ಶೇ. 15ಕ್ಕಿಂತ ಕಡಿಮೆ ತೋರಿಸುವವರೆಗೆ ಏನನ್ನೂ ಮುಚ್ಚಬೇಡಿ; ಫ್ಯಾನ್ ಮತ್ತು ಡಿಹ್ಯುಮಿಡಿಫೈಯರ್ ಇಟ್ಟರೂ ನನಗೆ ಮೂರು ವಾರ ಹಿಡಿಯಿತು, ವಾರಾಂತ್ಯದಲ್ಲಿ ಮುಗಿಯುವ ಕೆಲಸ ಇದಲ್ಲ. ಹೊಸ ರೀಪನ್ನು ಹಳೆಯದರ ಪಕ್ಕಕ್ಕೆ ಉದ್ದವಾಗಿ ಜೋಡಿಸಿ, ಟೈಟ್‌ಬಾಂಡ್ 3 ಎಂಬ ನೀರು ನಿರೋಧಕ ಮರದ ಅಂಟು ಹಚ್ಚಿ ಸ್ಕ್ರೂ ಬಿಗಿಯಿರಿ. ಕಾರ್ಖಾನೆಯವರು ಸ್ಟೇಪಲ್ ಹೊಡೆದಿದ್ದರೆಂದು ನೀವೂ ಹೊಡೆಯಬೇಡಿ. ಮರದೊಳಕ್ಕೆ ಇಳಿಯುವ ಎಪಾಕ್ಸಿಯನ್ನು ಚೆನ್ನಾಗಿ ಒಣಗಿದ, ಮೇಲ್ಮೈ ಮಾತ್ರ ಸಡಿಲವಾದ ಮರಕ್ಕೆ ಬಳಸಬಹುದು. ಜ್ಯಾಕಿನ ಭಾರ ಹೊರುವ ಮೂಲೆಗೆ ಖಂಡಿತ ಬೇಡ. ಕೊಳೆಯದಂತೆ ತಾಮ್ರದ ರಾಸಾಯನಿಕ ಉಣಿಸಿದ ಮರ ಒಳ್ಳೆಯದೆನಿಸಬಹುದು, ಆದರೆ ಅದು ತೇವದಲ್ಲಿ ಅಲ್ಯೂಮಿನಿಯಂ ಹೊದಿಕೆಯನ್ನೂ ಸಾಧಾರಣ ಸ್ಕ್ರೂಗಳನ್ನೂ ತಿನ್ನುತ್ತದೆ. ನಾನು ಸಾದಾ ಫರ್ ಮರವನ್ನೇ ಹಾಕಿದೆ.

ಇಷ್ಟೂ ಕೆಲಸ ನಡೆಯುವಾಗ ಕ್ಯಾಂಪರ್ ಕೇವಲ ನಾಲ್ಕು ಜ್ಯಾಕುಗಳ ಮೇಲೆ ನಿಂತಿರಬಾರದು. ದಪ್ಪ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ತಳದ ಗಟ್ಟಿ ಭಾಗಕ್ಕೆ ಆನಿಸಿದ ಮೇಲೆಯೇ ಅಡಿಗೆ ನುಸುಳಿ. ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ, ಬ್ಯಾಟರಿಯ ತಂತಿ ಕಳಚಿರಲಿ, ಏಕೆಂದರೆ ಗ್ಯಾಸಿನ ಕೊಳವೆಯೂ ವೈರುಗಳೂ ಅದೇ ಮೂಲೆಯಲ್ಲಿ ಹಾದುಹೋಗಿರಬಹುದು. ಟ್ರಕ್ಕಿಗೆ ಮತ್ತೆ ಏರಿಸುವ ಮುನ್ನ ಟ್ರಕ್ಕಿನ ಹಿಂಭಾಗದಲ್ಲಿ ಹಾಸಿರುವ ರಬ್ಬರ್ ಮ್ಯಾಟನ್ನೂ ಎತ್ತಿ ತೊಳೆಯಿರಿ. ನನ್ನದರ ಅಡಿಯಲ್ಲಿ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ಕಟ್ಟಿಕೊಂಡು ಟ್ರಕ್ಕಿನ ತಗಡೂ ತುಕ್ಕು ಹಿಡಿದಿತ್ತು.