ಅಲಾಸ್ಕಾದ ಏಡಿ ಬೋಟುಗಳಲ್ಲಿ ನಿಜವಾದ ಕಷ್ಟ ಯಾವುದು?

"ಅಲಾಸ್ಕಾದಲ್ಲಿ ಏಡಿ ಹಿಡಿಯಲು ಹೋದರೆ ಒಂದೇ ಸೀಸನ್‌ನಲ್ಲಿ ಲಕ್ಷಗಟ್ಟಲೆ ದುಡಿಯಬಹುದಂತೆ, ಹೌದಾ? ಹೋಗಬಹುದಾ?" ಎಂದು ಕೇಳಿದ್ದೀರಿ. ನಾನು ಅಲಾಸ್ಕಾದ ಪಕ್ಕದ ಬೇರಿಂಗ್ ಸಮುದ್ರದ ಬೋಟುಗಳಲ್ಲಿ ಅಬ್ಸರ್ವರ್ ಆಗಿದ್ದವನು. ಮೇಲೆ ಬಂದ ಏಡಿಗಳನ್ನು ಎಣಿಸಿ, ಅಳೆದು, ಬರೆದಿಡುವುದು ನನ್ನ ಕೆಲಸ. ಮೈಮುರಿಯುವ ದುಡಿಮೆ ಏಡಿ ಹಿಡಿಯುವವರದು.

ಚಳಿ ಇರುತ್ತದೆಂದು ಎಲ್ಲರಿಗೂ ಗೊತ್ತು. ಐಸ್‌ನ ಭಾರ ಯಾರಿಗೂ ಹೊಳೆಯುವುದಿಲ್ಲ. ಅಲೆಯ ನೀರು ಸಿಡಿದು ಹಗ್ಗ, ಕಂಬಿ, ಏಡಿ ಹಿಡಿಯುವ ಕಬ್ಬಿಣದ ಬೋನುಗಳ ಮೇಲೆ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ. ಖಾಲಿ ಬೋನೇ ಸುಮಾರು 300 ಕಿಲೋ ತೂಗುತ್ತದೆ. ಮೇಲ್ಭಾಗ ಭಾರವಾದರೆ ವಾಲಿದ ಬೋಟು ನೆಟ್ಟಗಾಗಲು ತಡವರಿಸುತ್ತದೆ. ಆಗ ಈಗಷ್ಟೇ ಮಲಗಿದವರೂ ಎದ್ದು, ಸುತ್ತಿಗೆ ಹಿಡಿದು ಐಸ್ ಒಡೆಯಬೇಕು. 2017ರ ಫೆಬ್ರವರಿಯಲ್ಲಿ 'ಡೆಸ್ಟಿನೇಶನ್' ಎಂಬ ಬೋಟು ಹೀಗೇ ಐಸ್ ಹೊತ್ತು ಮುಳುಗಿತು. ಅದರಲ್ಲಿದ್ದ ಆರೂ ಜನ ಹೋದರು.

ಮೊದಲು ಕೆಲವೇ ದಿನಗಳ ಸೀಸನ್ ಇತ್ತು, ಬಿರುಗಾಳಿಯಲ್ಲೂ ಪೈಪೋಟಿ. 2005ರಲ್ಲಿ ಕೋಟಾ ಬಂತು, ಅಂದರೆ ಯಾರು ಎಷ್ಟು ಏಡಿ ಹಿಡಿಯಬಹುದು ಎಂಬುದು ಮೊದಲೇ ನಿಗದಿಯಾಯಿತು. ಗಾಳಿ ಇಳಿಯುವವರೆಗೆ ಕಾಯಲು ಸಾಧ್ಯವಾಯಿತು, ಸಾವು ಕಡಿಮೆಯಾಯಿತು. ಆದರೆ ಬೋಟುಗಳೂ ಅರ್ಧಕ್ಕಿಂತ ಕಡಿಮೆಯಾದವು. ಹಾಗಾಗಿ ಹೊಸಬರಿಗೆ ಜಾಗವೇ ಸಿಗುವುದು ಕಷ್ಟ.

ನನ್ನನ್ನು ಕೇಳಿದರೆ, ಎಲ್ಲಕ್ಕಿಂತ ದೊಡ್ಡ ಕಷ್ಟ ದುಡ್ಡಿನದು. ಅಲ್ಲಿ ಸಂಬಳವಿಲ್ಲ, ಪಾಲು. ಡೀಸೆಲ್, ಊಟ, ಬೋನಿಗೆ ಹಾಕುವ ಮೀನಿನ ಖರ್ಚು ಕಳೆದು ಉಳಿದದ್ದರಲ್ಲಿ ಹಂಚಿಕೆ. ಏಡಿ ಸಿಗದಿದ್ದರೆ ಕೈ ಖಾಲಿ. 2018-19ರಲ್ಲಿ ಸಮುದ್ರ ಬಿಸಿಯಾಯಿತು. ಬಿಸಿ ನೀರಿನಲ್ಲಿ ಸ್ನೋ ಏಡಿ ಎಂಬ ಜಾತಿಯ ಏಡಿಗಳಿಗೆ ಹಸಿವು ಹೆಚ್ಚು, ತಿನ್ನಲು ಸಾಕಷ್ಟಿಲ್ಲ. ಸಾವಿರ ಕೋಟಿಗೂ ಜಾಸ್ತಿ ಏಡಿಗಳು ಇಲ್ಲವಾದವು. 2022ರಲ್ಲಿ ಸ್ನೋ ಏಡಿಯ ಸೀಸನ್ನೇ ಮುಚ್ಚಿದರು, ಹಿಂದೆಂದೂ ಹಾಗಾಗಿರಲಿಲ್ಲ. ಏಡಿಯ ತೆರಿಗೆಯನ್ನೇ ನಂಬಿದ್ದ, ಅದೇ ಸಮುದ್ರದ ಸೇಂಟ್ ಪಾಲ್ ದ್ವೀಪದ ಊರು ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು.

ಇಷ್ಟಾದರೂ ಏಡಿ ಹಿಡಿಯುವವರು ಸಮುದ್ರವನ್ನು ಬೈದದ್ದು ನಾನು ಕೇಳಿಲ್ಲ. ಬೋನು ಖಾಲಿ ಬಂದಾಗಲೂ ಒಬ್ಬ ಕ್ಯಾಪ್ಟನ್ ಮೊದಲು ಕೇಳುತ್ತಿದ್ದದ್ದು, "ಮರಿಗಳು ಎಷ್ಟಿವೆ?" ಎಂದು. ಹೆಣ್ಣು ಏಡಿಯನ್ನೂ ಸಣ್ಣವನ್ನೂ ನೀರಿಗೆ ಬಿಡಲೇಬೇಕೆಂಬ ನಿಯಮವಿದೆ. ಆತ ಅವನ್ನು ಎಸೆಯಲು ಬಿಡುತ್ತಿರಲಿಲ್ಲ, ಮೆಲ್ಲಗೆ ಜಾರಿಸಿ ಎನ್ನುತ್ತಿದ್ದ. ಆ ಜನರ ಮೇಲೆ ನನಗೆ ತುಂಬಾ ಗೌರವ.

ನಿಮ್ಮ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ದುಡಿಯುವ ಪರವಾನಗಿ ಇಲ್ಲದೆ ಆ ಡೆಕ್ ಮೇಲೆ ಕೆಲಸವಿಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ ಸೇರಿಕೊಳ್ಳಿ ಎಂದು ಹೇಳಿ ಹಣ ಕೇಳುವ ಏಜೆಂಟರಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಪರವಾನಗಿ ಇದ್ದರೆ, ಪಾಲು ಎಷ್ಟು, ಯಾವ ಖರ್ಚು ಕಳೆಯುತ್ತಾರೆ ಎಂಬುದನ್ನು ಬೋಟು ಹತ್ತುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.