ತೆರೆ ಹರಿದ ಮೇಲೆ ಮತ್ತೆ ಟೆಂಪಲ್ ಯಾಕೆ?

ವೈಟ್‌ಫೀಲ್ಡ್ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಆಫೀಸಿನಲ್ಲಿ ಒಬ್ಬರು ಮಾರ್ಮನ್ ಇದ್ದಾರೆ. ನಿಮ್ಮ ಟೆಂಪಲ್ ನೋಡೋಕೆ ಬರ್ಲಾ ಅಂದೆ. 'ಭಾನುವಾರ ಚರ್ಚಿಗೆ ಬನ್ನಿ, ಟೆಂಪಲ್ ಒಳಗೆ ಆಗಲ್ಲ' ಅಂದರು. ಪಕ್ಕದ ಮನೆಯ ಸಿಎಸ್‌ಐ (ಪ್ರಾಟೆಸ್ಟಂಟ್) ಆಂಟಿಗೆ ಇದನ್ನು ಹೇಳಿದರೆ, 'ಯೇಸು ಸತ್ತ ದಿನವೇ ದೇವಾಲಯದ ತೆರೆ ಹರಿದುಹೋಯ್ತು, ಇನ್ನೆಂಥ ಟೆಂಪಲ್' ಅಂತ ನಕ್ಕರು. ಇಬ್ಬರೂ ಓದೋದು ಅದೇ ಬೈಬಲ್ ಅಲ್ವಾ? ಯಾರು ಸರಿ?"

ಮೊದಲು ಒಂದು ತೊಡಕು ಬಿಡಿಸೋಣ. ಕನ್ನಡದಲ್ಲಿ ಚರ್ಚಿಗೂ ದೇವಾಲಯ ಅಂತೀವಿ. ಬೆಂಗಳೂರಿನ ಹಡ್ಸನ್ ಚರ್ಚು ಕನ್ನಡದಲ್ಲಿ ಹಡ್ಸನ್ ಸ್ಮಾರಕ ದೇವಾಲಯ. ಕನ್ನಡ ಬೈಬಲ್ಲಿನಲ್ಲಿ ಯೆರೂಸಲೇಮಿನ ಹಳೆಯ ಗುಡಿಯೂ ದೇವಾಲಯವೇ. ಅಮೆರಿಕದಲ್ಲಿ ಹುಟ್ಟಿದ, ಯೇಸುವನ್ನು ನಂಬುವ ಪಂಥದವರಾದ ಮಾರ್ಮನ್ನರಿಗೆ ಮಾತ್ರ ಇವು ಎರಡು ಬೇರೆ ಬೇರೆ ಕಟ್ಟಡಗಳು. ಭಾನುವಾರದ ಆರಾಧನೆ ಚರ್ಚಿನಲ್ಲಿ, ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು. ಟೆಂಪಲ್ ಭಾನುವಾರ ಬಾಗಿಲು ಹಾಕಿರುತ್ತದೆ. ಉಳಿದ ದಿನ ಒಳಗೆ ಹೋಗಲು ಚೀಟಿ ಬೇಕು. ಚೀಟಿಗೆ ಮೊದಲು ಸ್ಥಳೀಯ ಹಿರಿಯರ ಎದುರು ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ನಂಬಿಕೆ ಹೇಗಿದೆ? ದಶಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಡ್ತೀರಾ? ಮದ್ಯ, ತಂಬಾಕು, ಟೀ, ಕಾಫಿ ಬಿಟ್ಟಿದ್ದೀರಾ? (ಫಿಲ್ಟರ್ ಕಾಫಿ ಇಲ್ಲದೆ ಬೆಳಗಾಗದ ನಮ್ಮ ಕಚೇರಿಯಲ್ಲಿ ಒಬ್ಬರಿಗೂ ಚೀಟಿ ಸಿಗಲ್ಲ.)

ಈಗ ಆಂಟಿಯ ಮಾತಿಗೆ ಬರೋಣ. ಯೆರೂಸಲೇಮಿನ ದೇವಾಲಯದ ಒಳಗಿನ ಕೋಣೆಗೆ ಮಹಾಯಾಜಕ ಒಬ್ಬನೇ ಹೋಗಬಹುದಿತ್ತು, ಅದೂ ವರ್ಷಕ್ಕೆ ಒಂದೇ ದಿನ. ಆ ಕೋಣೆಯ ಮುಂದೆ ತೆರೆ ಇತ್ತು. ಯೇಸು ಪ್ರಾಣ ಬಿಟ್ಟಾಗ ದೇವಾಲಯದ ತೆರೆ ಮೇಲಿನಿಂದ ಕೆಳಗಿನ ತನಕ ಹರಿಯಿತು ಅಂತ ಮತ್ತಾಯ ಬರೆಯುತ್ತಾನೆ. ಬೈಬಲ್ಲಿನಲ್ಲೇ ಇರುವ, ಇಬ್ರಿಯರಿಗೆ ಬರೆದ ಪತ್ರ ತೆರೆಯ ಅರ್ಥ ಬಿಡಿಸುತ್ತದೆ: ಇನ್ನು ಯೇಸುವೇ ಮಹಾಯಾಜಕ, ಅವನ ಮೂಲಕ ದಾರಿ ಎಲ್ಲರಿಗೂ ತೆರೆದಿದೆ. ಸಮಾರ್ಯದ ಹೆಂಗಸಿಗೆ ಯೇಸುವೇ, ದೇವರನ್ನು ಆರಾಧಿಸುವ ಜಾಗ ಈ ಬೆಟ್ಟದಲ್ಲೂ ಅಲ್ಲ, ಯೆರೂಸಲೇಮಿನಲ್ಲೂ ಅಲ್ಲ ಅಂದಿದ್ದ. ಪೌಲ ಕೊರಿಂಥದವರಿಗೆ, ನೀವೇ ದೇವರ ಆಲಯ ಅಂತ ಬರೆದ. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ಕೆಡವಿದರು. ಅದನ್ನು ಮತ್ತೆ ಕಟ್ಟಬೇಕು ಅಂತ ಚರ್ಚಿಗೆ ಅನ್ನಿಸಲಿಲ್ಲ.

ಹಾಗಂತ ಕ್ರೈಸ್ತರೆಲ್ಲ ತೆರೆಯನ್ನೇ ಬಿಟ್ಟರು ಅಂದುಕೊಳ್ಳಬೇಡಿ. ಕೇರಳದ ಸಿರಿಯನ್ ಕ್ರೈಸ್ತರ ಚರ್ಚುಗಳಲ್ಲಿ ಇವತ್ತಿಗೂ ಬಲಿಪೀಠದ ಮುಂದೆ ತೆರೆ ಎಳೆಯುತ್ತಾರೆ. ಆದರೆ ಆರಾಧನೆಯ ನಡುವೆ ಅದು ಸರಿಯುತ್ತದೆ, ಅದನ್ನು ನೋಡಲು ನಿಮಗೆ ಚೀಟಿ ಬೇಕಿಲ್ಲ.

ಮಾರ್ಮನ್ನರೂ ಆ ವಚನಗಳನ್ನು ತಳ್ಳಿಹಾಕುವುದಿಲ್ಲ. ಪ್ರಾಣಿಬಲಿ ಯೇಸುವಿನೊಂದಿಗೆ ಮುಗಿಯಿತು ಅಂತ ಅವರೂ ಒಪ್ಪುತ್ತಾರೆ. ಆದರೆ ಅಪೊಸ್ತಲರು (ಯೇಸು ಆರಿಸಿ ಕಳಿಸಿದ ಶಿಷ್ಯರು) ತೀರಿಕೊಂಡ ಮೇಲೆ ಚರ್ಚಿಗೆ ದೇವರು ಕೊಟ್ಟಿದ್ದ ಅಧಿಕಾರವೇ ಕಳೆದುಹೋಯಿತು, 1830ರಲ್ಲಿ ಚರ್ಚು ಸ್ಥಾಪಿಸಿದ ಜೋಸೆಫ್ ಸ್ಮಿತ್ ಮೂಲಕ ಅದು ಮರಳಿ ಬಂತು ಅಂತಾರೆ. ಟೆಂಪಲ್ಲೂ ಅದರ ಜೊತೆ ಬಂತು. ಮೊದಲನೆಯದು 1836ರಲ್ಲಿ ಒಹಾಯೋದ ಕರ್ಟ್‌ಲ್ಯಾಂಡ್‌ನಲ್ಲಿ. ಸಾಲ್ಟ್ ಲೇಕ್ ಸಿಟಿಯದಕ್ಕೆ 1853ರಲ್ಲಿ ಮೂಲೆಗಲ್ಲು ಇಟ್ಟು, ಮುಗಿಸುವಾಗ 1893. ನಲವತ್ತು ವರ್ಷ! ನಿಮ್ಮ ವೈಟ್‌ಫೀಲ್ಡ್‌ನದನ್ನು 2018ರಲ್ಲಿ ಘೋಷಿಸಿ 2020ರ ಡಿಸೆಂಬರಿನಲ್ಲಿ ಭೂಮಿಪೂಜೆ ಮಾಡಿದರು. ಭೂಮಿಪೂಜೆ ನನ್ನ ಪದ, ಅವರು ಹಾಗೆ ಅನ್ನಲ್ಲ.

ಒಳಗೆ ನಡೆಯೋದು ಏನು? ಗಂಡ ಹೆಂಡತಿಯನ್ನು ಸಾವಿನ ಆಚೆಗೂ ಬೆಸೆಯುತ್ತಾರೆ. ಪುನರುತ್ಥಾನದಲ್ಲಿ ಮದುವೆ ಇಲ್ಲ ಅಂತ ಯೇಸುವೇ ಹೇಳಿದ್ದಾನಲ್ಲ ಅಂತ ಇತರ ಕ್ರೈಸ್ತರು ಇಲ್ಲಿ ತಡೆಯುತ್ತಾರೆ. ಸತ್ತ ಹಿರಿಯರ ಹೆಸರಿನಲ್ಲಿ ಬದುಕಿರುವವರು ದೀಕ್ಷಾಸ್ನಾನ ತೆಗೆದುಕೊಳ್ಳುತ್ತಾರೆ. ಒಪ್ಪೋದು ಬಿಡೋದು ಸತ್ತವರ ಇಷ್ಟ ಅನ್ನುತ್ತಾರೆ. ಯಹೂದಿಗಳಿಗೆ ಈ ಸಮಾಧಾನ ಸಾಕಾಗಲಿಲ್ಲ. ನಾಜಿಗಳು ಕೊಂದವರಿಗೂ ಹೀಗೆ ಸ್ನಾನ ಮಾಡಿಸಿದ್ದು ತಿಳಿದು ನೊಂದರು. ಆ ಹೆಸರುಗಳನ್ನು ತೆಗೆಯಲು 1995ರಲ್ಲಿ ಒಪ್ಪಂದವಾಯಿತು. ಮತ್ತೊಂದು ವಿಧಿಯ ಕೊನೆಯಲ್ಲಿ ಒಂದು ತೆರೆ ದಾಟಿ ಒಳಕೋಣೆಗೆ ಹೋಗುತ್ತಾರೆ. ಹೌದು, ತೆರೆ. ಆಂಟಿಗೆ ಹರಿದುಹೋದದ್ದು, ನಿಮ್ಮ ಆಫೀಸಿನ ಮಾರ್ಮನ್‌ಗೆ ದಾಟಬೇಕಾದದ್ದು.

ಯಾರು ಸರಿ ಅಂತ ಕೇಳಿದ್ದೀರಿ. ನಂಬಿಕೆಯ ತೀರ್ಪು ಸಂಪಾದಕನ ಕೆಲಸ ಅಲ್ಲ. ಚರಿತ್ರೆಯ ಮಟ್ಟಿಗೆ ನನ್ನ ಒಲವು ಆಂಟಿಯ ಕಡೆಗೆ. ಯೆರೂಸಲೇಮಿನ ಮೊದಲ ದೇವಾಲಯ ಕಟ್ಟಿಸಿದ ರಾಜ ಸೊಲೊಮೋನ ಹನ್ನೆರಡು ಎತ್ತುಗಳ ಬೆನ್ನ ಮೇಲೆ ಕಂಚಿನ ದೊಡ್ಡ ತೊಟ್ಟಿ ಕೂರಿಸಿದ್ದ, ಯಾಜಕರು ತೊಳೆದುಕೊಳ್ಳಲಿ ಅಂತ. ಮಾರ್ಮನ್ ಟೆಂಪಲ್ಲಿನ ಸ್ನಾನದ ತೊಟ್ಟಿಯ ಕೆಳಗೂ ಹನ್ನೆರಡು ಎತ್ತುಗಳಿವೆ. ಎತ್ತು ಅವೇ, ತೊಟ್ಟಿಯ ಕೆಲಸ ಬೇರೆ. ಯೆರೂಸಲೇಮಿನಲ್ಲಿ ಬಲಿ, ಧೂಪ, ಹಬ್ಬ ಇದ್ದವು. ಮದುವೆ ಬೆಸೆಯುವುದಾಗಲಿ, ಸತ್ತವರ ಸ್ನಾನವಾಗಲಿ ಬೈಬಲ್ ಹೇಳುವ ಆ ದೇವಾಲಯದಲ್ಲಿ ಇರಲಿಲ್ಲ.

ಆದರೆ 'ಬಾಗಿಲು ಹಾಕಿದ್ದಾರೆ, ಏನೋ ಮುಚ್ಚಿಡ್ತಿದ್ದಾರೆ' ಅನ್ನೋದು ಸೋಮಾರಿತನದ ಆರೋಪ. ಗರ್ಭಗುಡಿಗೆ ಎಲ್ಲರನ್ನೂ ಬಿಡದ ಊರಿನ ನಾವು ಅದನ್ನು ಹೇಳುವ ಮುಂಚೆ ಸ್ವಲ್ಪ ತಡೆಯಬೇಕು. ನನ್ನನ್ನು ಕಾಡುವುದು ಬೇರೆ ಸಂಗತಿ: ಚೀಟಿ ಇಲ್ಲದ ಅಪ್ಪ ಅಮ್ಮ, ಟೆಂಪಲ್ಲಿನಲ್ಲಿ ಮಗಳ ಮದುವೆ ನಡೆಯುವಾಗ ಹೊರಗೆ ಕಾಯಬೇಕು. ಅಮೆರಿಕದಲ್ಲಿ ಮೊದಲು ಹೊರಗೆ ಮದುವೆಯಾದ ಜೋಡಿ ಟೆಂಪಲ್ ವಿಧಿಗೆ ಒಂದು ವರ್ಷ ಕಾಯಬೇಕಿತ್ತು. 2019ರಲ್ಲಿ ಆ ನಿಯಮ ತೆಗೆದರು. ಅಂದರೆ ನೋವು ಅವರಿಗೂ ಗೊತ್ತಿತ್ತು.

ಇನ್ನು, ಟೆಂಪಲ್ ನೋಡುವ ನಿಮ್ಮ ಆಸೆ. ಹೊಸ ಟೆಂಪಲ್ ಕಟ್ಟಿ ಮುಗಿದಾಗ, ಪ್ರತಿಷ್ಠೆಗೆ ಮುಂಚೆ ಕೆಲವು ದಿನ ಎಲ್ಲರನ್ನೂ ಒಳಗೆ ಬಿಟ್ಟು ತೋರಿಸುವುದು ಅವರ ಪದ್ಧತಿ. ಆಗ ಚೀಟಿ ಕೇಳಲ್ಲ. ಆಂಟಿಯನ್ನೂ ಕರೆದುಕೊಂಡು ಹೋಗಿ.

— ಸಂ.