ಡಬಲ್ ಬಾಸ್ ಫಿಂಗರ್‌ಬೋರ್ಡ್ ಮನೆಯಲ್ಲೇ ಉಜ್ಜಿ ಸರಿ ಮಾಡಬಹುದಾ?

ಹಳೇ ಡಬಲ್ ಬಾಸ್‌ಗೆ (ಪಿಟೀಲಿನ ಹಾಗಿರುವ, ನೆಲಕ್ಕೆ ನಿಲ್ಲಿಸಿ ನುಡಿಸುವ ದೊಡ್ಡ ವಾದ್ಯ) ಉಕ್ಕಿನ ತಂತಿ ಹಾಕಿದ್ದೀರಿ, ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿಯಲ್ಲಿ ಎ ಇಂದ ಸಿ ವರೆಗಿನ ಸ್ವರಗಳು ಝರ್ ಅನ್ನುತ್ತಿವೆ. ತಂತಿ ಹೊರುವ ಕುದುರೆ (ಬ್ರಿಜ್) ಎತ್ತರಿಸಿದರೂ ಹೋಗಿಲ್ಲ, ಈಗ ಎಡಗೈ ಬೇರೆ ನೋಯುತ್ತಿದೆ. ಫಿಂಗರ್‌ಬೋರ್ಡ್ (ತಂತಿಯನ್ನು ಬೆರಳಿನಿಂದ ಒತ್ತುವ ಉದ್ದನೆಯ ಮರದ ಪಟ್ಟಿ) ನಾನೇ ಉಜ್ಜಲಾ ಅಂತ ಕೇಳಿದ್ದೀರಿ.

ಉಜ್ಜಬಹುದು. ಆದರೆ ಮೊದಲು ಅಳೆಯಿರಿ, ತಂತಿ ಶ್ರುತಿಯಲ್ಲಿ ಇರುವಾಗಲೇ ಅಳೆಯಿರಿ. ನಾಲ್ಕು ಉಕ್ಕಿನ ತಂತಿ ಸೇರಿ ನೂರು ಕೆ.ಜಿ.ಗಿಂತ ಜಾಸ್ತಿ ಎಳೆಯುತ್ತವೆ. ಆ ಎಳೆತಕ್ಕೆ ಕತ್ತು ಸ್ವಲ್ಪ ಮುಂದಕ್ಕೆ ಬಾಗುತ್ತದೆ. ತಂತಿ ಬಿಚ್ಚಿ ನೋಡಿದಾಗ ಕಾಣುವ ಬೋರ್ಡು ನೀವು ನುಡಿಸುವ ಬೋರ್ಡಲ್ಲ.

ಬೋರ್ಡು ಉದ್ದಕ್ಕೂ ನೆಟ್ಟಗೆ ಇರಬಾರದು, ನಡುವೆ ತಗ್ಗಿನ ಹಾಗೆ ಸಣ್ಣ ಬಾಗು ಬೇಕು. ಮಿಡಿದ ತಂತಿ ನಡುವೆ ಹೆಚ್ಚು ತೂಗುತ್ತದೆ, ಅದಕ್ಕೆ ಜಾಗ ಬೇಕಲ್ವಾ? ಅಳೆಯೋದು ಸುಲಭ. ಒಂದು ಕೈಯಲ್ಲಿ ತಂತಿಯನ್ನು ನಟ್ (ಬೋರ್ಡಿನ ಮೇಲ್ತುದಿಯ ಸಣ್ಣ ದಿಣ್ಣೆ) ಪಕ್ಕದಲ್ಲೇ ಒತ್ತಿ, ಇನ್ನೊಂದು ಕೈಯಲ್ಲಿ ಬೋರ್ಡಿನ ಕೊನೆಯಲ್ಲಿ ಒತ್ತಿ. ಈಗ ತಂತಿಯೇ ನಿಮ್ಮ ಅಡಿಪಟ್ಟಿ. ಮಧ್ಯದ ಸಂದಿಗೆ ದಪ್ಪ ಗೊತ್ತಿರುವ ಡ್ರಿಲ್ ಬಿಟ್ ತೂರಿಸಿ ನೋಡಲು ಮನೆಯವರನ್ನು ಕರೆಯಿರಿ. ನನಗೆ ನನ್ನ ತಂಗಿ ಹಿಡಿದುಕೊಡುತ್ತಾಳೆ. ಉಕ್ಕಿನ ತಂತಿಗೆ ನಾನು ಜಿ ಕೆಳಗೆ ಸುಮಾರು 1.5 ಮಿ.ಮೀ., ಎಲ್ಲಕ್ಕಿಂತ ದಪ್ಪನೆಯ ಇ ಕೆಳಗೆ 2 ಮಿ.ಮೀ.ಗಿಂತ ತುಸು ಜಾಸ್ತಿ ಬಿಡುತ್ತೇನೆ. ಕಮಾನು ಜಾಸ್ತಿ ಬಳಸುವವರಿಗೆ ಇನ್ನೂ ಸ್ವಲ್ಪ ಬೇಕಾಗುತ್ತದೆ.

ನಿಮ್ಮ ತೊಂದರೆ ಬೆರಳಿಟ್ಟ ಜಾಗದಲ್ಲಿ ಇಲ್ಲ ಅನ್ನೋದು ನನ್ನ ಅಂದಾಜು. ಬೆರಳಿನಿಂದ ಮುಂದೆ, ಕುದುರೆ ಕಡೆಗೆ, ಎಲ್ಲೋ ಒಂದು ಉಬ್ಬು ತಂತಿಗೆ ತಾಗುತ್ತಿದೆ. ಕತ್ತು ದೇಹಕ್ಕೆ ಸೇರುವ ಕಡೆ ಇಂಥ ಉಬ್ಬು ತುಂಬ ಸಾಮಾನ್ಯ. ಹದಿನೈದು ಸೆಂ.ಮೀ. ಉಕ್ಕಿನ ಸ್ಕೇಲಿನ ಅಂಚಿಗೆ ಸೀಮೆಸುಣ್ಣ ಹಚ್ಚಿ, ಜಿ ತಂತಿಯನ್ನು ಪಕ್ಕಕ್ಕೆ ಸರಿಸಿ, ಅದರ ದಾರಿಯಲ್ಲಿ ಎಳೆಯಿರಿ. ಬಿಳಿ ಗುರುತು ಉಳಿದ ಕಡೆ ಎತ್ತರ. ಸ್ಕೇಲು ಅಲ್ಲಿ ತೊಟ್ಟಿಲ ಹಾಗೆ ಅತ್ತಿತ್ತ ತೂಗುತ್ತದೆ.

ಇ ತಂತಿಯ ಕೆಳಗೆ ಬೋರ್ಡು ಚಪ್ಪಟೆ ಕಂಡರೆ ಗಾಬರಿ ಬೇಡ, ಅದನ್ನು ದುಂಡು ಮಾಡಲೂ ಹೋಗಬೇಡಿ. ದಪ್ಪ ತಂತಿಗೆ ಜಾಗ ಸಿಗಲಿ ಅಂತಲೇ ಕೆಲವರು ಹಾಗೆ ಮಾಡಿರುತ್ತಾರೆ. ಜರ್ಮನಿಯ ಚೆಲೋ ವಾದಕ ಬರ್ನ್‌ಹಾರ್ಡ್ ರೋಂಬರ್ಗ್ ಹೆಸರು ಆ ಆಕಾರಕ್ಕೆ ನಿಂತಿದೆ.

ಇನ್ನು ಕೆಲಸ. ನಾಲ್ಕೂ ತಂತಿಯನ್ನು ಒಟ್ಟಿಗೆ ಬಿಚ್ಚಿದರೆ ಒಳಗಿನ ಸೌಂಡ್ ಪೋಸ್ಟ್ (ಅಂಟಿಲ್ಲದೆ ನಿಂತಿರುವ ಮರದ ಕಡ್ಡಿ) ಬೀಳಬಹುದು. ನನ್ನ ಮೊದಲ ಬಾಸ್‌ನಲ್ಲಿ ಅದು ಠಕ್ ಅಂತ ಬಿದ್ದ ಸದ್ದು ಇವತ್ತಿಗೂ ನೆನಪಿದೆ. ಬಾಸ್ ಅನ್ನು ಬೆನ್ನ ಮೇಲೆ ಮಲಗಿಸಿ, ತಂತಿಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಪೋಸ್ಟ್ ಮತ್ತು ಕುದುರೆಯ ಪಾದ ನಿಂತಿರುವ ಜಾಗವನ್ನು ಮೊದಲೇ ಗುರುತು ಮಾಡಿಕೊಳ್ಳಿ, ಫೋಟೋನೂ ತೆಗೆದಿಡಿ.

ಒಂದೇ ಉಬ್ಬಾದರೆ ಉಜ್ಜುಗೊರಡು ಬೇಡವೇ ಬೇಡ. ಹರಿತವಾದ ಸ್ಕ್ರೇಪರ್ (ಮರ ಕೆರೆಯುವ ಉಕ್ಕಿನ ತಗಡು) ಸಾಕು. ಬೋರ್ಡಿನ ಕರಿಮರ (ಎಬೊನಿ) ಗಟ್ಟಿ, ಅದರ ಎಳೆ ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗುತ್ತದೆ. ಗೊರಡಿನ ಬಾಯಿ ಸಿಕ್ಕಿಕೊಂಡರೆ ಚಕ್ಕೆ ಏಳುತ್ತದೆ, ಆ ಗುಂಡಿ ಹೋಗಬೇಕಾದರೆ ಇಡೀ ಬೋರ್ಡು ಇಳಿಸಬೇಕು. ಹತ್ತು ಸಲ ಕೆರೆದು ಸ್ಕೇಲು ಇಟ್ಟು ನೋಡಿ, ಮತ್ತೆ ಹತ್ತು ಸಲ. ಕೊನೆಗೆ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜಿ. ಬರೀ ಬೆರಳಲ್ಲಿ ಉಜ್ಜಿದರೆ ಹೊಸ ತಗ್ಗು ಬೀಳುತ್ತದೆ. ಮಾಸ್ಕ್ ಮರೆಯಬೇಡಿ, ಆ ಕಪ್ಪು ಧೂಳು ಗಂಟಲಿಗೆ ಒಳ್ಳೆಯದಲ್ಲ.

ಒಂದು ಮಾತು ಮೊದಲೇ ಹೇಳಬೇಕಿತ್ತು. ಬೋರ್ಡಿನ ಕೊನೆಯ ತಳಭಾಗವನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಬಣ್ಣ ಬಿಟ್ಟರೆ ಅದು ಬೇರೆ ಮರಕ್ಕೆ ಕಪ್ಪು ಹಚ್ಚಿದ್ದಿರಬಹುದು. ಮರ ಮೆತ್ತಗಿದ್ದರೆ ಉಕ್ಕಿನ ತಂತಿ ಬೇಗ ಗೀರು ಕೊರೆಯುತ್ತದೆ, ನಿಮ್ಮ ಶ್ರಮ ಜಾಸ್ತಿ ದಿನ ನಿಲ್ಲಲ್ಲ.

ತಂತಿ ಏರಿಸಿದ ಮೇಲೆ ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ. ಕುದುರೆ ಇಳಿಸುವುದು ಆಮೇಲೆ. ಬೋರ್ಡಿನ ಕೊನೆಯಲ್ಲಿ ಜಿ 6, ಇ 9 ಮಿ.ಮೀ. ಎತ್ತರದಲ್ಲಿ ಇದ್ದರೆ ಕೈಗೆ ಹಿತ. ಈಗ ನಿಮ್ಮದು ಎಷ್ಟಿದೆ, ನಡುವಿನ ಸಂದಿ ಎಷ್ಟಿದೆ, ಎರಡನ್ನೂ ಬರೆಯಿರಿ. ಎಷ್ಟು ಕೆರೆಯಬೇಕು ಅಂತ ಆಗ ನೋಡಿ ಹೇಳುತ್ತೇನೆ.